ಉಭಯ ಕುಶಲೋಪರಿ: ಬೇ ಏರಿಯಾದ ಕ್ಯಾಂಪಸ್ಸುಗಳಲ್ಲಿ ಆಪತ್ಕಾಲದ ಸುದ್ದಿ



ಊರಿನಿಂದ ಬರುತ್ತಿದ್ದ ಹಳೆಯ ಕಾಗದಗಳು ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ಶುರುವಾಗುತ್ತಿದ್ದುದು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ನಾವಿಲ್ಲಿ ಕ್ಷೇಮ, ನೀವೂ ಅಲ್ಲಿ ಕ್ಷೇಮವೆಂದು ನಂಬಿದ್ದೇವೆ, ಇನ್ನು ಮುಂದಿನ ಸಮಾಚಾರ ಎಂದು ಅದರ ತಾತ್ಪರ್ಯ. ನನ್ನ ತಂದೆಯವರು ಆ ಸಾಲು ಬರೆಯದೆ ಪೆನ್ನನ್ನು ಮುಂದಕ್ಕೆ ಓಡಿಸಿದವರಲ್ಲ. ಅವರು ಬರೆದ ನೂರಾರು ಕಾಗದಗಳಲ್ಲಿ ಒಂದೇ ಒಂದರಲ್ಲಿ ಆ ಸಾಲಿಲ್ಲ. 1989ರ ಅಕ್ಟೋಬರ್ ಕೊನೆಯಲ್ಲಿ ಮೈಸೂರಿನಿಂದ ಬರೆದ ಏರೋಗ್ರಾಂ ಅದು. ‘ನೀನು ಬದುಕಿರುವ ವಿಷಯ ಶಿಕಾಗೋದಿಂದ ತಿಳಿಯಿತು’ ಎಂದೇ ಅದು ಶುರುವಾಗುತ್ತದೆ. ನಾನಿದ್ದದ್ದು ಇಲ್ಲಿ, ಬೇ ಏರಿಯಾದಲ್ಲಿ. ಸುದ್ದಿ ಶಿಕಾಗೋದಿಂದ ಯಾಕೆ ಹೋಯಿತು ಎನ್ನುವುದನ್ನು ಮುಂದೆ ಹೇಳುತ್ತೇನೆ.

ಈ ವಿಷಯ ಈಗ ನೆನಪಾಗಲು ಕಾರಣವಿದೆ. ನಮ್ಮ ಕೂಟದ ಎಷ್ಟೋ ಮನೆಗಳ ಮಕ್ಕಳು ಈಗ ಬರ್ಕ್ಲಿ, ಸ್ಟ್ಯಾನ್‌ಫರ್ಡ್, ಸ್ಯಾನ್ ಹೊಸೆ ಸ್ಟೇಟ್ ಎಂದು ಹಾಸ್ಟೆಲ್ ಸೇರಿದ್ದಾರೆ. ಊರಿನಿಂದ ಎಂ.ಎಸ್. ಓದಲು ಬಂದ ಹುಡುಗ ಹುಡುಗಿಯರೂ ನಮ್ಮ ಹಬ್ಬದ ಊಟಕ್ಕೆ ಬರುತ್ತಾರೆ. ಕಳೆದ ಸಲ ಊಟದ ಸಾಲಿನಲ್ಲಿ ನಿಂತಿದ್ದಾಗ ಒಬ್ಬ ತಾಯಿ ಕೇಳಿದರು: ‘ಕ್ಯಾಂಪಸ್ಸಿನಲ್ಲಿ ಏನಾದರೂ ಆದರೆ ಕಾಲೇಜಿನವರು ನಮಗೆ ಫೋನ್ ಮಾಡ್ತಾರಲ್ವಾ?’ ‘ಇಲ್ಲಮ್ಮ, ಸಾಮಾನ್ಯವಾಗಿ ಮಾಡೋದಿಲ್ಲ’ ಎಂದೆ. ಅವರು ನಂಬಲಿಲ್ಲ. ತಟ್ಟೆಯಲ್ಲಿದ್ದ ಬಿಸಿಬೇಳೆಬಾತು ಆರುವವರೆಗೂ ಚರ್ಚೆ ನಡೆಯಿತು. ಅಲ್ಲಿ ಅರ್ಧಕ್ಕೆ ನಿಂತ ಉತ್ತರವನ್ನು ಇಲ್ಲಿ ಪೂರ್ತಿ ಮಾಡುತ್ತಿದ್ದೇನೆ. ಸ್ವಲ್ಪ ಹಿಂದಿನಿಂದ ಬರಬೇಕಾಗುತ್ತದೆ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಕಾನೂನಿನ ಪ್ರಕಾರ ಹುಟ್ಟಿದ್ದು 1868ರ ಮಾರ್ಚ್ 23ರಂದು. ಅದೇ ವರ್ಷ ಅಕ್ಟೋಬರ್ 21ರಂದು ಹೇವರ್ಡ್ ಫಾಲ್ಟ್ ಎಂಬ ಭೂಬಿರುಕು ಜರುಗಿ ದೊಡ್ಡ ಭೂಕಂಪವಾಯಿತು, ಸುಮಾರು 30 ಜನ ಸತ್ತರು. ಆ ಬಿರುಕು ಬರ್ಕ್ಲಿಯ ಬೆಟ್ಟದ ಬುಡದಲ್ಲೇ ಹಾದುಹೋಗುತ್ತದೆ ಎಂದು ಆಗ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಐದು ವರ್ಷದ ಮೇಲೆ ವಿಶ್ವವಿದ್ಯಾಲಯ ಬಂದು ಅದರ ಪಕ್ಕದಲ್ಲೇ ಮನೆ ಹೂಡಿತು. ತಿಳಿದ ಮೇಲಾದರೂ ದೂರ ಸರಿದರೇ ಎಂದರೆ, 1923ರಲ್ಲಿ ಫುಟ್‌ಬಾಲ್ ಸ್ಟೇಡಿಯಂ ಅನ್ನು ಸರಿಯಾಗಿ ಬಿರುಕಿನ ನೆತ್ತಿಯ ಮೇಲೇ ಕಟ್ಟಿದರು! ನಮ್ಮೂರಲ್ಲಿ ಹುತ್ತದ ಪಕ್ಕ ಮನೆ ಕಟ್ಟುವವರಾದರೂ ಒಂದು ನಾಗರಕಲ್ಲು ಇಟ್ಟು ಪೂಜೆ ಮಾಡುತ್ತಾರೆ.

1906ರ ಏಪ್ರಿಲ್ 18ರ ಭೂಕಂಪ ನಿಮಗೆಲ್ಲ ಗೊತ್ತಿರುವ ಕಥೆ. ಬೆಳಗಿನ 5 ಗಂಟೆ 12 ನಿಮಿಷಕ್ಕೆ ನೆಲ ನಡುಗಿತು, ಆಮೇಲೆ ಮೂರು ದಿನ ಸ್ಯಾನ್ ಫ್ರಾನ್ಸಿಸ್ಕೋ ಉರಿಯಿತು. ಆದರೆ ಅದೇ ಬೆಳಗ್ಗೆ ಸ್ಟ್ಯಾನ್‌ಫರ್ಡಿನಲ್ಲಿ ಏನಾಯಿತು ಎಂಬುದು ಅಷ್ಟು ಪ್ರಚಾರದಲ್ಲಿಲ್ಲ. ಪಾಠಪ್ರವಚನ ಶುರುವಾಗಿ ಆಗ ಹದಿನೈದೇ ವರ್ಷ. ಜೇನ್ ಸ್ಟ್ಯಾನ್‌ಫರ್ಡ್ ಅವರು ತಮ್ಮ ಹಣವನ್ನೆಲ್ಲ ಸುರಿದು ಎಬ್ಬಿಸಿದ ಕಲ್ಲಿನ ಕಟ್ಟಡಗಳಲ್ಲಿ ಇನ್ನೂ ಪೂರ್ತಿಯಾಗದ ಹೊಸ ಗ್ರಂಥಾಲಯ, ಹೊಸ ವ್ಯಾಯಾಮಶಾಲೆ ಎರಡೂ ಕುಸಿದವು. ಚರ್ಚಿನ ಶಿಖರ ಬಿತ್ತು. ದೊಡ್ಡ ಕಮಾನು ಒಡೆಯಿತು. ಪ್ರಾಣಿಶಾಸ್ತ್ರಜ್ಞ ಲೂಯಿ ಅಗಾಸಿಯ ಅಮೃತಶಿಲೆಯ ಪ್ರತಿಮೆ ಮೇಲಿನಿಂದ ಬಿದ್ದು ತಲೆಕೆಳಗಾಗಿ ನೆಲದಲ್ಲಿ ನಾಟಿಕೊಂಡಿತು. ಆ ಫೋಟೋ ಈಗಲೂ ಪುಸ್ತಕಗಳಲ್ಲಿ ಕಾಣುತ್ತದೆ. ಅದನ್ನು ನೋಡಿ ನಗುವವರು ಮರೆಯುವುದೆಂದರೆ, ಅದೇ ಬೆಳಗ್ಗೆ ಅಲ್ಲಿ ಇಬ್ಬರು ಸತ್ತರು. ಒಬ್ಬ, ಎನ್ಸೀನಾ ಹಾಲ್ ಎಂಬ ಹಾಸ್ಟೆಲಿನಲ್ಲಿ ಚಿಮಣಿ ಬಿದ್ದು ಸತ್ತ ವಿದ್ಯಾರ್ಥಿ ಜೂನಿಯಸ್ ಹ್ಯಾನಾ. ಪೆನ್ಸಿಲ್ವೇನಿಯಾದಿಂದ ಓದಲು ಬಂದಿದ್ದವನು. ಇನ್ನೊಬ್ಬ ಪವರ್ ಹೌಸಿನ ಕೆಲಸಗಾರ ಆಟೊ ಗರ್ಡಿಸ್.

ಅಧ್ಯಕ್ಷ ಡೇವಿಡ್ ಸ್ಟಾರ್ ಜಾರ್ಡನ್ ಅವರು ಆ ವರ್ಷದ ಉಳಿದ ತರಗತಿಗಳನ್ನು ರದ್ದು ಮಾಡಿ, ಮಕ್ಕಳನ್ನು ಮನೆಗೆ ಕಳಿಸಿದರು. ಪದವಿ ಪ್ರದಾನ ಬೇಸಿಗೆ ಕಳೆದ ಮೇಲಕ್ಕೆ ಹೋಯಿತು. ಆಪತ್ತಿಗೆಂದು ಬರೆದಿಟ್ಟ ಯೋಜನೆ ಏನೂ ಇಲ್ಲದ ಕಾಲದಲ್ಲಿ ಅಧ್ಯಕ್ಷರ ಬಾಯಿಮಾತೇ ಯೋಜನೆ. ಬರ್ಕ್ಲಿಯಲ್ಲಿ ಕಟ್ಟಡಗಳಿಗೆ ಹೆಚ್ಚು ಪೆಟ್ಟಾಗಿರಲಿಲ್ಲ. ಅಲ್ಲಿನ ಕೆಡೆಟ್ ಹುಡುಗರು ಸಮವಸ್ತ್ರ ತೊಟ್ಟು ದೋಣಿ ಹತ್ತಿ ಸ್ಯಾನ್ ಫ್ರಾನ್ಸಿಸ್ಕೋಗೆ ಕಾವಲಿಗೆ ಹೋದರು. ಅತ್ತ ಕಡೆಯಿಂದ ಮನೆ ಕಳೆದುಕೊಂಡವರು ಬಂದು ಕ್ಯಾಂಪಸ್ಸಿನಲ್ಲಿ ಬಿಡಾರ ಹೂಡಿದರು.

ಸುದ್ದಿಯ ಮಾತಿಗೆ ಬರೋಣ. ನಗರದ ತಂತಿ, ಟೆಲಿಫೋನು ಎರಡೂ ಹಾಳಾಗಿದ್ದವು. ಮಿಷನ್ ಬೀದಿಯ ಅಂಚೆ ಕಚೇರಿಯ ನೌಕರರು ಮಾತ್ರ ಒದ್ದೆ ಅಂಚೆಚೀಲಗಳಿಂದ ಬೆಂಕಿ ಬಡಿದು ಕಟ್ಟಡ ಉಳಿಸಿಕೊಂಡರು. ಅಷ್ಟೇ ಅಲ್ಲ, ಸ್ಟಾಂಪಿಲ್ಲದಿದ್ದರೂ ಪರವಾಗಿಲ್ಲ, ಏನು ಬರೆದು ಕೊಟ್ಟರೂ ಕಳಿಸುತ್ತೇವೆ ಎಂದರು. ಜನ ಕಾಗದದ ಚೂರು, ಅಂಗಿಯ ಕಾಲರು, ರಟ್ಟು, ಕೈಗೆ ಸಿಕ್ಕಿದ್ದರ ಮೇಲೆ ವಿಳಾಸ ಬರೆದು ಹಾಕಿದರು. ಅವುಗಳಲ್ಲಿ ಬಹುಪಾಲು ಇದ್ದದ್ದು ನಾವು ಬದುಕಿದ್ದೇವೆ ಎಂಬ ಒಂದೇ ಸಮಾಚಾರ. ನನಗೆ 1906ರ ಇಡೀ ಕಥೆಯಲ್ಲಿ ತುಂಬ ಇಷ್ಟವಾದವರು ಈ ಅಂಚೆಯವರು.

ಆ ದಿನ ಸ್ಟ್ಯಾನ್‌ಫರ್ಡಿನಲ್ಲಿ ಒಬ್ಬ ದೊಡ್ಡ ಅತಿಥಿ ಇದ್ದರು: ಹಾರ್ವರ್ಡಿನ ತತ್ವಶಾಸ್ತ್ರಜ್ಞ, ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್. ಹೊರಡುವಾಗ ಗೆಳೆಯನೊಬ್ಬ ‘ನಿನಗೊಂದು ಭೂಕಂಪದ ರುಚಿಯೂ ಸಿಗಲಿ’ ಎಂದು ತಮಾಷೆ ಮಾಡಿದ್ದನಂತೆ. ಸಿಕ್ಕಿತು. ಮಂಚ ಅಲ್ಲಾಡಿದಾಗ ತಮಗೆ ಭಯಕ್ಕಿಂತ ಸಂತೋಷವೇ ಆಯಿತೆಂದು ಅವರು ಬರೆದುಕೊಂಡಿದ್ದಾರೆ. ದೊಡ್ಡವರ ರೀತಿ ಬೇರೆ! ಆದರೆ ಆ ಲೇಖನದ ಕೊನೆಯಲ್ಲಿ ಅವರು ಹೇಳುವ ಒಂದು ಮಾತು ನಮಗೆ ಬೇಕಾದದ್ದು. ಭೂಕಂಪದ ನಡುವೆ ಇದ್ದವರು ಕೈತುಂಬ ಕೆಲಸದಲ್ಲಿ ಧೈರ್ಯವಾಗಿಯೇ ಇದ್ದರು. ಪೂರ್ವದ ರಾಜ್ಯಗಳಿಂದ ಬಂದ ಬಂಧುಗಳ ಕಾಗದಗಳನ್ನು ಓದಿದಾಗಲೇ ನಿಜವಾದ ಸಂಕಟ ಎಲ್ಲಿತ್ತು ಎಂದು ತಿಳಿಯಿತು. ಸಂಕಟ ದೂರ ಇರುವವರ ಪಾಲಿನದು ಎಂದು ಅವರ ಅಭಿಪ್ರಾಯ. ನನ್ನ ತಂದೆಯವರು ವಿಲಿಯಂ ಜೇಮ್ಸ್ ಓದಿರಲಿಲ್ಲ. ಆದರೆ 83 ವರ್ಷಗಳ ನಂತರ ಅವರಿಗೂ ಅದೇ ಅನುಭವವಾಯಿತು.

ಅದಕ್ಕೆ ಮುಂಚೆ ಎರಡು ಮಾತು. 1923ರ ಸೆಪ್ಟೆಂಬರ್ 17ರಂದು ಬೆಟ್ಟದ ಕಡೆಯ ಒಣಗಾಳಿಗೆ ಕಾಡುಬೆಂಕಿ ಇಳಿದು ಬಂದು ಬರ್ಕ್ಲಿಯ ಉತ್ತರ ಭಾಗದ ಸುಮಾರು 600 ಕಟ್ಟಡಗಳು ಒಂದೇ ಮಧ್ಯಾಹ್ನದಲ್ಲಿ ಬೂದಿಯಾದವು. ಅಧ್ಯಾಪಕರ, ವಿದ್ಯಾರ್ಥಿಗಳ ಮನೆಗಳೇ ಹೆಚ್ಚು. ಹುಡುಗರು ಪುಸ್ತಕ ಬಿಟ್ಟು ಓಡಿ ಬೆಂಕಿ ಆರಿಸಿದರು, ಪಿಯಾನೋ ಹೊತ್ತರು. ಕಡೆಗೆ ಸಮುದ್ರದ ಕಡೆಯ ಗಾಳಿ ತಿರುಗಿದ್ದರಿಂದ ಕ್ಯಾಂಪಸ್ಸು ಉಳಿಯಿತು.

ಇನ್ನು ಅರವತ್ತರ ದಶಕದ ಗಲಾಟೆಗಳು. ಅವೂ ಕ್ಯಾಂಪಸ್ಸಿನ ಆಪತ್ತುಗಳೇ, ಆದರೆ ಅವುಗಳಲ್ಲಿ ವಿಶ್ವವಿದ್ಯಾಲಯವೇ ಒಂದು ಕಕ್ಷಿ. ಆ ಕಥೆ ಇಲ್ಲಿ ಹಿಡಿಸುವುದಿಲ್ಲ. ಎರಡು ಮೈಕಿನ ಪ್ರಸಂಗ ಮಾತ್ರ ಹೇಳಿಬಿಡುತ್ತೇನೆ. 1964ರ ಡಿಸೆಂಬರ್ 7ರಂದು ಬರ್ಕ್ಲಿಯ ಗ್ರೀಕ್ ಥಿಯೇಟರಿನಲ್ಲಿ ಅಧ್ಯಕ್ಷ ಕ್ಲಾರ್ಕ್ ಕೆರ್ ಸಾವಿರಾರು ಜನರ ಮುಂದೆ ಸಂಧಾನದ ಮಾತಾಡಿ ಮುಗಿಸಿದರು. ವಿದ್ಯಾರ್ಥಿ ನಾಯಕ ಮಾರಿಯೋ ಸಾವಿಯೋ ಮೈಕಿನತ್ತ ನಡೆದುಬಂದ. ಪೊಲೀಸರು ಎಲ್ಲರ ಕಣ್ಣೆದುರಿಗೇ ಅವನನ್ನು ಎಳೆದುಕೊಂಡು ಹೋದರು. ಕೆರ್ ಅವರು ಅಷ್ಟು ಹೊತ್ತು ಆಡಿದ ಮಾತೆಲ್ಲ ಆ ಒಂದು ನಿಮಿಷದಲ್ಲಿ ಹೊಳೆಗೆ ಹುಣಸೆಹಣ್ಣು ತೊಳೆದಂತಾಯಿತು. ಮರುದಿನ ಅಧ್ಯಾಪಕರ ಸಭೆ 824ಕ್ಕೆ 115 ಮತಗಳಿಂದ ವಿದ್ಯಾರ್ಥಿಗಳ ಬೇಡಿಕೆಗಳ ಪರವಾಗಿ ನಿಂತಿತು. ಎರಡನೆಯದು, 1968ರ ಡಿಸೆಂಬರ್ 2ರಂದು ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟಿನಲ್ಲಿ ನಡೆದದ್ದು. ಮುಷ್ಕರದ ಮಧ್ಯೆ ಹಂಗಾಮಿ ಅಧ್ಯಕ್ಷ ಎಸ್. ಐ. ಹಯಕಾವ ಖುದ್ದಾಗಿ ವಿದ್ಯಾರ್ಥಿಗಳ ಧ್ವನಿವರ್ಧಕದ ಗಾಡಿ ಹತ್ತಿ ವೈರು ಕಿತ್ತುಹಾಕಿದರು. ಅವರ ಪಾಂಡಿತ್ಯ ಯಾವುದರಲ್ಲಿ ಎಂದರೆ, ಭಾಷೆ ಮತ್ತು ಅರ್ಥದಲ್ಲಿ! ಆಮೇಲೆ ಅವರು ಸೆನೆಟರೂ ಆದರು.

ಈಗ 1989. ಅಕ್ಟೋಬರ್ 17, ಮಂಗಳವಾರ, ಸಂಜೆ 5 ಗಂಟೆ 4 ನಿಮಿಷ. ಕ್ಯಾಂಡಲ್‌ಸ್ಟಿಕ್ ಪಾರ್ಕಿನಲ್ಲಿ ಜೈಂಟ್ಸ್ ಮತ್ತು ಎ’ಸ್ ತಂಡಗಳ ವರ್ಲ್ಡ್ ಸೀರೀಸ್ ಆಟ ಇನ್ನೇನು ಶುರುವಾಗಬೇಕು. ಲೋಮಾ ಪ್ರಿಯೇಟಾ ಬೆಟ್ಟದ ಹತ್ತಿರ ಹುಟ್ಟಿದ 6.9ರ ಕಂಪನ ಹದಿನೈದು ಸೆಕೆಂಡು ನಮ್ಮನ್ನೆಲ್ಲ ಜರಡಿ ಹಿಡಿಯಿತು. 63 ಜನ ಸತ್ತರು. ಅವರಲ್ಲಿ 42 ಮಂದಿ ಓಕ್ಲೆಂಡಿನ ಸೈಪ್ರೆಸ್ ಮೇಲ್ಸೇತುವೆಯಲ್ಲಿ. ಸ್ಟ್ಯಾನ್‌ಫರ್ಡಿನಲ್ಲಿ ಈ ಸಲ ಒಂದು ಜೀವವೂ ಹೋಗಲಿಲ್ಲ, ಆದರೆ ಇನ್ನೂರಕ್ಕೂ ಹೆಚ್ಚು ಕಟ್ಟಡಗಳಿಗೆ ಪೆಟ್ಟು, ಸುಮಾರು 16 ಕೋಟಿ ಡಾಲರ್ ನಷ್ಟ. ಚರ್ಚಿನ ಬಾಗಿಲು ಮತ್ತೆ ತೆರೆದದ್ದು 1992ರಲ್ಲಿ, ಮ್ಯೂಸಿಯಂನದು 1999ರಲ್ಲಿ. ಮುಂಚೆಯೇ ಬಲಪಡಿಸಿದ್ದ ಭಾಗಗಳು ಚೆನ್ನಾಗಿ ನಿಂತವು, ಬಲಪಡಿಸದ ಹಳೆಯ ಕಲ್ಲುಕಟ್ಟಡಗಳು ಬಿರುಕುಬಿಟ್ಟವು. ಹಾಸ್ಟೆಲಿನ ಎಷ್ಟೋ ಮಕ್ಕಳು ಆ ರಾತ್ರಿ ಹುಲ್ಲಿನ ಮೇಲೆ ಮಲಗಿದರು.

ನಾನಿದ್ದದ್ದು ಇಲ್ಲಿನದೇ ಇನ್ನೊಂದು ವಿಶ್ವವಿದ್ಯಾಲಯದಲ್ಲಿ, ಹೆಸರು ಬೇಡ. ಗ್ರಂಥಾಲಯದಲ್ಲಿ ಕೂತಿದ್ದೆ. ಪುಸ್ತಕಗಳು ಸುರಿದವು, ದೀಪ ಹೋಯಿತು, ಹೊರಗೆ ಓಡಿದೆವು. ಯಾರಿಗೆ ಏನಾಗಿದೆ, ಎಲ್ಲಿಗೆ ಹೋಗಬೇಕು ಎಂದು ಹೇಳುವವರು ಯಾರೂ ಇರಲಿಲ್ಲ. ಯಾರದೋ ಕಾರಿನ ಬಾಗಿಲು ತೆರೆದಿಟ್ಟು ರೇಡಿಯೋ ಜೋರು ಮಾಡಿದ್ದರು. ಇಪ್ಪತ್ತು ಮೂವತ್ತು ಜನ ಅದರ ಸುತ್ತ ನಿಂತು, ಬೇ ಬ್ರಿಡ್ಜಿನ ಒಂದು ಭಾಗ ಕುಸಿದಿದೆ ಎಂಬುದನ್ನು ಕೇಳಿದೆವು. ಆಗ ನನಗೆ ಮೈಸೂರು ನೆನಪಾಯಿತು. ಅಲ್ಲಿ 18ನೇ ತಾರೀಖಿನ ಬೆಳಗಿನ ಐದೂವರೆ. ಇನ್ನು ಸ್ವಲ್ಪ ಹೊತ್ತಿಗೆ ಅಪ್ಪ ಕಾಫಿ ಕುಡಿಯುತ್ತಾ ಆಕಾಶವಾಣಿ ಹಾಕುತ್ತಾರೆ!

ಪೇಫೋನಿನ ಮುಂದೆ ಹನುಮಂತನ ಬಾಲದಂಥ ಸಾಲು. ರೂಮಿನ ಫೋನು ಎತ್ತಿದರೆ ಸದ್ದೇ ಇಲ್ಲ. ಕಿವಿಗೆ ಹಿಡಿದು ಒಂದೆರಡು ನಿಮಿಷ ಕಾದರೆ ಡಯಲ್ ಟೋನು ಬರುತ್ತದೆ, ತಾಳ್ಮೆಗೆಟ್ಟು ಕುಕ್ಕಿದರೆ ಮತ್ತೆ ಸಾಲಿನ ಕೊನೆಗೆ ಹೋಗುತ್ತೇವೆ ಎನ್ನುವುದು ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ. ಇನ್ನೊಂದೂ ಆಮೇಲೆ ತಿಳಿಯಿತು. ದೇಶದ ಮೂಲೆಮೂಲೆಯಿಂದ ಎಲ್ಲರೂ ಬೇ ಏರಿಯಾಗೆ ಫೋನ್ ಮಾಡಲು ಹೊರಟದ್ದರಿಂದ, ಎ.ಟಿ. ಅಂಡ್ ಟಿ. ಕಂಪನಿ ಹೊರಗಿನಿಂದ ಒಳಬರುವ ಕರೆಗಳನ್ನು ಬಹುಮಟ್ಟಿಗೆ ತಡೆದು, ಒಳಗಿನಿಂದ ಹೊರಹೋಗುವ ಕರೆಗಳಿಗೆ ದಾರಿ ಬಿಟ್ಟಿತ್ತು. ಒಳಗಿದ್ದವನು ಪ್ರಯತ್ನಪಟ್ಟರೆ ಹೊರಗಿನವರಿಗೆ ಹೇಳಬಹುದಿತ್ತು. ಹೊರಗಿನವರು ಎಷ್ಟು ಸಲ ತಿರುಗಿಸಿದರೂ ಪ್ರಯೋಜನವಿರಲಿಲ್ಲ.

ಮರುದಿನ ಬೆಳಗ್ಗೆ ಹತ್ತು ಗಂಟೆಗೆ ಕಡೆಗೂ ಒಂದು ಕರೆ ಹೋಯಿತು, ಶಿಕಾಗೋದ ಗೆಳೆಯನಿಗೆ. ‘ಮಾರಾಯ, ನಮ್ಮನೆಗೆ ತಿಳಿಸು’ ಎಂದೆ. ನಮ್ಮ ಮನೆಯಲ್ಲಿ ಫೋನಿರಲಿಲ್ಲ. ಪಕ್ಕದ ಮನೆಯ ರಾಯರದು ಪಿ.ಪಿ. ನಂಬರು. ರಾಯರ ಫೋನು ಬಡಿದುಕೊಂಡಾಗ ಮೈಸೂರಿನಲ್ಲಿ ಸರಿರಾತ್ರಿ ಹತ್ತಿರ. ಅಷ್ಟರೊಳಗೆ ಅಪ್ಪ ಏನೇನು ಮಾಡಿದ್ದರು ಎನ್ನುವುದು ಆ ಏರೋಗ್ರಾಂನಲ್ಲಿದೆ. ಬೆಳಗಿನ ವಾರ್ತೆ ಕೇಳಿದವರೇ ಟ್ರಂಕ್ ಕಾಲ್ ಬುಕ್ ಮಾಡಿ ವಿಶ್ವವಿದ್ಯಾಲಯದ ಕಚೇರಿಗೆ ಪ್ರಯತ್ನಿಸಿದ್ದಾರೆ, ಸಿಕ್ಕಿಲ್ಲ. ಮಧ್ಯಾಹ್ನ ತಂತಿ ಆಫೀಸಿಗೆ ನಡೆದು ‘ವೈರ್ ವೆಲ್ಫೇರ್’ ಎಂದು ತಂತಿ ಕೊಟ್ಟಿದ್ದಾರೆ. ಸಂಜೆ ಮತ್ತೆ ಕರೆ ಸಿಕ್ಕಾಗ ಆಪರೇಟರು, ‘ಯಾವ ವಿದ್ಯಾರ್ಥಿಯ ಬಗ್ಗೆಯೂ ನಮ್ಮ ಹತ್ತಿರ ಮಾಹಿತಿ ಇಲ್ಲ’ ಎಂದಿದ್ದಾಳೆ. ಪಾಪ, ಅವಳು ಹೇಳಿದ್ದು ಸತ್ಯವೇ. ಆದರೆ ಮೈಸೂರಿನ ಅಗ್ರಹಾರದ ತಂತಿ ಕಂಬದ ಈಚೆ ನಿಂತವರಿಗೆ ‘ಮಾಹಿತಿ ಇಲ್ಲ’ ಎಂಬುದು ಬೇರೆಯೇ ರೀತಿ ಕೇಳಿಸುತ್ತದೆ. ‘ಕ್ಯಾಂಪಸ್ಸಿನಲ್ಲಿ ಯಾರೂ ಸತ್ತ ವರದಿ ಈವರೆಗೆ ಬಂದಿಲ್ಲ, ಹುಡುಗರನ್ನು ಲೆಕ್ಕ ಹಾಕುತ್ತಿದ್ದೇವೆ’ ಎಂದು ಒಂದು ವಾಕ್ಯ ಯಾರಾದರೂ ಆ ಆಪರೇಟರ್ ಕೈಗೆ ಬರೆದು ಕೊಟ್ಟಿದ್ದರೆ ಸಾಕಿತ್ತು. ಅವರ ತಂತಿ ನನ್ನ ಕೈ ಸೇರಿದ್ದು ಆರು ದಿನದ ನಂತರ. ನಾನು ಅದನ್ನೂ ಇಟ್ಟುಕೊಂಡಿದ್ದೇನೆ.

ಎಲ್ಲ ತಿಳಿದ ಮೇಲೆ ಮಾತಾಡೋಣ ಎಂದು ಕಾಯುವುದು ದೊಡ್ಡ ಸಂಸ್ಥೆಗಳ ಹುಟ್ಟುಗುಣ. ತಪ್ಪು ಹೇಳಿದರೆ ಏನು ಗತಿ ಎಂಬ ಭಯ, ವಕೀಲರ ಭಯ, ಗಾಬರಿ ಹುಟ್ಟಿಸಿದೆವು ಎಂಬ ಅಪವಾದದ ಭಯ. ಈ ಗುಣವನ್ನು ಬಿಡಿಸಿದ್ದು ಒಂದು ಭೂಕಂಪವಲ್ಲ, ಮಕ್ಕಳನ್ನು ಕಳೆದುಕೊಂಡ ತಂದೆತಾಯಂದಿರು. 1986ರ ಏಪ್ರಿಲ್‌ನಲ್ಲಿ ಪೆನ್ಸಿಲ್ವೇನಿಯಾದ ಲೀಹೈ ವಿಶ್ವವಿದ್ಯಾಲಯದ ಹಾಸ್ಟೆಲ್ ಕೋಣೆಯಲ್ಲಿ ಜೀನ್ ಕ್ಲೆರಿ ಎಂಬ 19 ವರ್ಷದ ಹುಡುಗಿಯ ಕೊಲೆಯಾಯಿತು. ಕ್ಯಾಂಪಸ್ಸುಗಳಲ್ಲಿ ನಡೆಯುವ ಅಪರಾಧಗಳನ್ನು ತಂದೆತಾಯಂದಿರಿಗೆ ಯಾರೂ ಹೇಳುವುದೇ ಇಲ್ಲ ಎಂದು ಅವಳ ತಂದೆತಾಯಿ ಹಟ ಹಿಡಿದು ಓಡಾಡಿದರು. 1990ರಲ್ಲಿ ಬಂದ ಕಾನೂನು ಈಗ ಅವಳ ಹೆಸರಿನಲ್ಲೇ ಕ್ಲೆರಿ ಆ್ಯಕ್ಟ್ ಎನ್ನಿಸಿಕೊಂಡಿದೆ. ಅದರ ಪ್ರಕಾರ ಪ್ರತಿ ವಿಶ್ವವಿದ್ಯಾಲಯವೂ ಅಪರಾಧಗಳ ಅಂಕಿಅಂಶಗಳನ್ನು ವರ್ಷವರ್ಷ ಪ್ರಕಟಿಸಬೇಕು, ಅಪಾಯ ಮುಂದುವರಿಯುವಂತಿದ್ದರೆ ಸಕಾಲದಲ್ಲಿ ಎಚ್ಚರಿಸಬೇಕು.

ಆ ‘ಸಕಾಲ’ ಎಂದರೆ ಎಷ್ಟು ಹೊತ್ತು? ಅದಕ್ಕೆ ಉತ್ತರ 2007ರ ಏಪ್ರಿಲ್ 16ರಂದು ವರ್ಜೀನಿಯಾ ಟೆಕ್‌ನಲ್ಲಿ ತುಂಬ ಕ್ರೂರವಾಗಿ ಸಿಕ್ಕಿತು. ಬೆಳಗ್ಗೆ ಏಳೂಕಾಲಿಗೆ ಹಾಸ್ಟೆಲಿನಲ್ಲಿ ಇಬ್ಬರಿಗೆ ಗುಂಡು ಬಿತ್ತು. ಅಧಿಕಾರಿಗಳು ಸಭೆ ಸೇರಿದರು, ಚರ್ಚಿಸಿದರು. ಕ್ಯಾಂಪಸ್ಸಿಗೆಲ್ಲ ಮೊದಲ ಇ-ಮೇಲ್ ಹೋದದ್ದು 9 ಗಂಟೆ 26 ನಿಮಿಷಕ್ಕೆ. ಇನ್ನು ಸುಮಾರು ಹದಿನೈದು ನಿಮಿಷಕ್ಕೆ ಅದೇ ಹುಡುಗ ನಾರಿಸ್ ಹಾಲಿನ ತರಗತಿಗಳಿಗೆ ನುಗ್ಗಿದ. ಒಟ್ಟು 32 ಜನ ಸತ್ತರು. ಅವರಲ್ಲಿ ತಮಿಳುನಾಡಿನಿಂದ ಬಂದು ಅಲ್ಲಿ ಪಾಠ ಹೇಳುತ್ತಿದ್ದ ಪ್ರೊಫೆಸರ್ ಜಿ. ವಿ. ಲೋಗನಾಥನ್ ಇದ್ದರು, ಮುಂಬಯಿಯ ಒಬ್ಬ ವಿದ್ಯಾರ್ಥಿನಿಯೂ ಇದ್ದಳು. ಆ ವಾರ ನಮ್ಮ ಮನೆಗಳಲ್ಲೆಲ್ಲ ಟೀವಿ ಆರಿಸಿದವರಿಲ್ಲ. 2008ರಲ್ಲಿ ಕಾನೂನು ಬಿಗಿಯಾಯಿತು: ಜೀವಕ್ಕೆ ಅಪಾಯವಿದೆ ಎಂದು ಖಚಿತವಾದ ಕೂಡಲೇ, ಪೂರ್ತಿ ವಿವರಕ್ಕೆ ಕಾಯದೆ, ಎಚ್ಚರಿಕೆ ಹೊರಡಬೇಕು, ವರ್ಷಕ್ಕೊಮ್ಮೆಯಾದರೂ ಆ ವ್ಯವಸ್ಥೆಯನ್ನು ಪರೀಕ್ಷಿಸಬೇಕು. ಬರ್ಕ್ಲಿಯ ‘ವಾರ್ನ್‌ಮಿ’, ಸ್ಟ್ಯಾನ್‌ಫರ್ಡಿನ ‘ಅಲರ್ಟ್ಎಸ್‌ಯು’ ಎಂದು ನಿಮ್ಮ ಮಕ್ಕಳ ಫೋನಿಗೆ ಬರುವ ಸಂದೇಶಗಳ ಹಿಂದೆ ಇಷ್ಟು ಕಥೆಯಿದೆ.

ಸಂದೇಶ ಕಳಿಸುವುದು ಒಂದು, ಕಳಿಸುವವರು ಯಾರು ಎನ್ನುವುದು ಇನ್ನೊಂದು. ಈ ಪಾಠವನ್ನು ಕಲಿಸಿದ್ದು ನಮ್ಮ ಓಕ್ಲೆಂಡ್ ಬೆಟ್ಟದ ಬೆಂಕಿ, 1991ರ ಅಕ್ಟೋಬರ್ 20. ಆ ಭಾನುವಾರ 25 ಜನ ಸತ್ತರು, ಮೂರು ಸಾವಿರಕ್ಕೂ ಹೆಚ್ಚು ಮನೆಗಳು ಸುಟ್ಟವು. ಅವುಗಳಲ್ಲಿ ಬರ್ಕ್ಲಿಯ ಅಧ್ಯಾಪಕರ ಮನೆಗಳೂ ಇದ್ದವು. ಅಕ್ಕಪಕ್ಕದ ಊರುಗಳಿಂದ ಫೈರ್ ಎಂಜಿನ್ನುಗಳು ಓಡಿ ಬಂದವು. ಬಂದು ನೋಡಿದರೆ ಓಕ್ಲೆಂಡಿನ ಹೈಡ್ರಂಟಿನ ಬಾಯಿ ಮೂರು ಇಂಚು, ಬಂದವರ ಪೈಪು ಎರಡೂವರೆ ಇಂಚು! ಒಬ್ಬರ ವೈರ್‌ಲೆಸ್ಸು ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ. ಅದರ ಫಲವಾಗಿ ರಾಜ್ಯಕ್ಕೆಲ್ಲ ಒಂದೇ ಆಪತ್ಕಾಲದ ಕ್ರಮ ಇರಬೇಕೆಂದು ಕ್ಯಾಲಿಫೋರ್ನಿಯಾ ಕಾನೂನು ಮಾಡಿತು. ಅದರಂತೆ ಒಬ್ಬರ ಕೈಯಲ್ಲಿ ಆಜ್ಞೆ, ಒಬ್ಬರ ಬಾಯಲ್ಲಿ ಸುದ್ದಿ, ಎಲ್ಲರಿಗೂ ಒಂದೇ ಪದಗಳು. ರಾಜ್ಯದ ವಿಶ್ವವಿದ್ಯಾಲಯಗಳೂ ಇದನ್ನೇ ಅನುಸರಿಸುತ್ತವೆ. ಭೂಕಂಪಕ್ಕೆ, ಬೆಂಕಿಗೆ, ಗುಂಡಿಗೆ ಏನು ಹೇಳಬೇಕೆಂದು ಶಾಂತಿಯ ದಿನಗಳಲ್ಲೇ ವಾಕ್ಯಗಳನ್ನು ಬರೆದಿಟ್ಟುಕೊಂಡಿರುತ್ತಾರೆ. ಆ ಹೊತ್ತಿಗೆ ಜಾಗದ ಹೆಸರು ತುಂಬಿಸಿದರಾಯಿತು. 1989ರ ಆ ಆಪರೇಟರ್ ಕೈಯಲ್ಲಿ ಇಲ್ಲದೆ ಹೋದದ್ದು ಇದೇ.

ಕಟ್ಟಡಗಳ ಸಿದ್ಧತೆಯನ್ನೂ ಹೇಳದಿದ್ದರೆ ಅನ್ಯಾಯವಾದೀತು. 1997ರಲ್ಲಿ ಬರ್ಕ್ಲಿ ತನ್ನ ಕಟ್ಟಡಗಳನ್ನೆಲ್ಲ ಪರೀಕ್ಷೆ ಮಾಡಿಸಿ, ಕಾಲುಭಾಗಕ್ಕೂ ಹೆಚ್ಚು ಜಾಗ ದೊಡ್ಡ ಭೂಕಂಪಕ್ಕೆ ತಡೆಯಲಾರದು ಎಂಬುದನ್ನು ತಾನೇ ಬಹಿರಂಗವಾಗಿ ಹೇಳಿತು. ದುರಸ್ತಿಗೆ ಸುಮಾರು ನೂರು ಕೋಟಿ ಡಾಲರ್ ಅಂದಾಜು. ಬಿರುಕಿನ ಮೇಲೆ ಕೂತ ಆ ಸ್ಟೇಡಿಯಂ ಅನ್ನು 2010ರಿಂದ 2012ರವರೆಗೆ 32 ಕೋಟಿ ಡಾಲರ್ ಸುರಿದು, ನೆಲ ಜಾರಿದರೆ ತಾನೂ ಜಾರುವಂತೆ ತುಂಡುತುಂಡಾಗಿ ಕಟ್ಟಿದರು. ನನ್ನ ಮಟ್ಟಿಗೆ, ಆ ಸ್ಟೇಡಿಯಂಗಿಂತ ದೊಡ್ಡ ಧೈರ್ಯದ ಕೆಲಸ 1997ರಲ್ಲಿ ‘ನಮ್ಮ ಕಟ್ಟಡಗಳು ಸರಿಯಿಲ್ಲ’ ಎಂದು ಒಪ್ಪಿಕೊಂಡದ್ದು.

ಇಷ್ಟೆಲ್ಲ ಸಿದ್ಧತೆ ಇದ್ದರೂ ಆಪತ್ತು ಹೇಳಿದ ಬಾಗಿಲಲ್ಲೇ ಬರುವುದಿಲ್ಲ. 2013ರ ಸೆಪ್ಟೆಂಬರ್ 30ರ ಸಂಜೆ ಬರ್ಕ್ಲಿಯಲ್ಲಿ ಕರೆಂಟು ಹೋಯಿತು; ತಾಮ್ರದ ತಂತಿ ಕದ್ದವರ ಕೃಪೆ ಎಂದು ಆಮೇಲೆ ಗೊತ್ತಾಯಿತು. ಮತ್ತೆ ಕರೆಂಟು ಕೊಡುವ ಹೊತ್ತಿಗೆ ಕ್ಯಾಂಪಸ್ಸಿನ ನಡುವೆ ನೆಲದಡಿಯಿಂದ ಸ್ಫೋಟವಾಗಿ ಬೆಂಕಿ ಎದ್ದಿತು. ಕೆಲವರಿಗೆ ಸಣ್ಣಪುಟ್ಟ ಗಾಯ. 2018ರ ನವೆಂಬರಿನಲ್ಲಿ ಪ್ಯಾರಡೈಸ್ ಊರು ಸುಟ್ಟ ಹೊಗೆ ನೂರೈವತ್ತು ಮೈಲಿ ದಾಟಿ ಬಂದು ಕೂತಾಗ ಬರ್ಕ್ಲಿ, ಸ್ಯಾನ್ ಹೊಸೆ ಸ್ಟೇಟ್, ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ಎಲ್ಲ ತರಗತಿಗಳನ್ನು ನಿಲ್ಲಿಸಿದವು. ಎಷ್ಟು ಹೊಗೆಗೆ ರಜೆ ಎಂಬ ಅಳತೆಯೇ ಆಗ ಸ್ಪಷ್ಟವಿರಲಿಲ್ಲ. ಮರುವರ್ಷ ಅಕ್ಟೋಬರಿನಲ್ಲಿ ಬೆಂಕಿಯ ಭಯಕ್ಕೆ ವಿದ್ಯುತ್ ಕಂಪನಿಯೇ ಕರೆಂಟು ತೆಗೆದಾಗ ಬರ್ಕ್ಲಿ ಮತ್ತೆ ಬಾಗಿಲು ಹಾಕಿತು.

2020ರ ಮಾರ್ಚ್ ನಿಮಗೇ ಗೊತ್ತು. 6ನೇ ತಾರೀಖು ಶುಕ್ರವಾರ ಸಂಜೆ ಸ್ಟ್ಯಾನ್‌ಫರ್ಡ್, 9ರಂದು ಬರ್ಕ್ಲಿ ಮತ್ತು ಸ್ಯಾನ್ ಹೊಸೆ ಸ್ಟೇಟ್ ತರಗತಿಗಳನ್ನು ಕಂಪ್ಯೂಟರಿಗೆ ಸಾಗಿಸುವುದಾಗಿ ಹೇಳಿದವು. 17ರಿಂದ ನಾವೆಲ್ಲ ಮನೆಯೊಳಗೆ. ಹಾಸ್ಟೆಲ್ ಖಾಲಿ ಮಾಡಿ ಎಂದಾಗ ನಮ್ಮ ಮಕ್ಕಳು ಅರ್ಧ ಗಂಟೆ ಕಾರಿನಲ್ಲಿ ಮನೆಗೆ ಬಂದರು. ಊರಿನಿಂದ ಬಂದವರು ಎಲ್ಲಿಗೆ ಹೋಗಬೇಕು? ಮಾರ್ಚ್ 22ರಿಂದ ಭಾರತಕ್ಕೆ ವಿಮಾನವೇ ಇರಲಿಲ್ಲ. ಮೇ ತಿಂಗಳಲ್ಲಿ ಏರ್ ಇಂಡಿಯಾದ ವಿಶೇಷ ವಿಮಾನಗಳು ಹೊರಡುವವರೆಗೆ ಎಷ್ಟೋ ಹುಡುಗರು ನಮ್ಮ ಸದಸ್ಯರ ಮನೆಗಳ ಹಿಂದಿನ ರೂಮಿನಲ್ಲಿ ಇದ್ದರು. ಜುಲೈ 6ರಂದು ಇನ್ನೊಂದು ಸಿಡಿಲು: ಪೂರ್ತಿ ಆನ್‌ಲೈನ್ ಓದುವ ವಿದೇಶಿ ವಿದ್ಯಾರ್ಥಿಗಳು ದೇಶ ಬಿಡಬೇಕೆಂದು ವಲಸೆ ಇಲಾಖೆ ಹೇಳಿತು. ಹಾರ್ವರ್ಡ್, ಎಂ.ಐ.ಟಿ. ಕೋರ್ಟಿಗೆ ಹೋದವು, ಎಂಟೇ ದಿನದಲ್ಲಿ, 14ಕ್ಕೆ, ಆದೇಶ ವಾಪಸ್ಸಾಯಿತು. ಆ ಎಂಟು ದಿನ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿಗಳ ತಾಯಂದಿರು ನಿದ್ದೆ ಮಾಡಲಿಲ್ಲ. ವಿಲಿಯಂ ಜೇಮ್ಸರು ಹೇಳಿದ ದೂರದ ಸಂಕಟ ವಾಟ್ಸಾಪ್ ಇದ್ದ ಮಾತ್ರಕ್ಕೆ ಕಡಮೆಯಾಗಿರಲಿಲ್ಲ.

ಈಗ ಊಟದ ಸಾಲಿನ ಆ ಪ್ರಶ್ನೆ. ಕಾಲೇಜಿನವರು ನಮಗೆ ಯಾಕೆ ಫೋನ್ ಮಾಡುವುದಿಲ್ಲ? 1974ರ ಒಂದು ಕಾನೂನಿನ ಪ್ರಕಾರ ಕಾಲೇಜು ಸೇರಿದ ಮೇಲೆ ವಿದ್ಯಾರ್ಥಿಯ ದಾಖಲೆಗಳ ಯಜಮಾನ ವಿದ್ಯಾರ್ಥಿಯೇ. ಫೀಸು ಕಟ್ಟಿದ ತಂದೆಯಲ್ಲ. ಜೀವ, ಆರೋಗ್ಯದ ತುರ್ತು ಇದ್ದರೆ ಅವರು ನಮಗೆ ಹೇಳಬಹುದು. ಟ್ಯಾಕ್ಸಿನಲ್ಲಿ ನಮ್ಮ ಅವಲಂಬಿತರೆಂದು ತೋರಿಸಿದ ಮಕ್ಕಳ ವಿಷಯವನ್ನೂ ಹೇಳಬಹುದು. ‘ಹೇಳಬಹುದು’ ಅಷ್ಟೇ, ‘ಹೇಳಲೇಬೇಕು’ ಎಂದಿಲ್ಲ. ಎಚ್ಚರಿಕೆಯ ಸಂದೇಶ ಹೋಗುವುದು ಮಕ್ಕಳ ಫೋನಿಗೆ. ಹಾಸ್ಟೆಲಿನಲ್ಲಿರುವ ಮಗು ಕಾಣೆಯಾದರೆ ಯಾರಿಗೆ ತಿಳಿಸಬೇಕೆಂದು ಗುಟ್ಟಾಗಿ ಒಂದು ಹೆಸರು ಬರೆದುಕೊಡುವ ಅವಕಾಶವನ್ನೂ 2008ರ ಕಾನೂನು ಕೊಟ್ಟಿದೆ. ಆ ಹೆಸರು ತಂದೆಯದೋ ತಾಯಿಯದೋ ಆಗಿರಬೇಕೆಂದಿಲ್ಲ. ಫಾರಂ ತುಂಬುವ ಹುಡುಗರು ಆ ಜಾಗವನ್ನು ಖಾಲಿ ಬಿಡುವುದು, ಹಳೆಯ ನಂಬರು ಬರೆಯುವುದು, ಊರಿನ ನಂಬರನ್ನು ದೇಶದ ಕೋಡ್ ಇಲ್ಲದೆ ಬರೆಯುವುದು, ಇದೆಲ್ಲ ಮಾಮೂಲು. ದಯವಿಟ್ಟು ಈ ವಾರಾಂತ್ಯ ನಿಮ್ಮ ಮಕ್ಕಳನ್ನು, ನಿಮ್ಮ ಮನೆಗೆ ಊಟಕ್ಕೆ ಬರುವ ವಿದ್ಯಾರ್ಥಿಗಳನ್ನು ಕೇಳಿ: ಕಾಲೇಜಿನ ದಾಖಲೆಯಲ್ಲಿ ಯಾರ ನಂಬರಿದೆ? ಕರೆ ಮಾಡಲು ಒದ್ದಾಡಬೇಡಿ, ಒಂದು ಟೆಕ್ಸ್ಟ್ ಹಾಕಿ ಎಂದೂ ಹೇಳಿ; ಮಾತು ಹೋಗದ ಗಲಾಟೆಯಲ್ಲೂ ಅಕ್ಷರ ನುಸುಳಿಕೊಂಡು ಹೋಗುತ್ತದೆ. ಬರ್ಕ್ಲಿಯವರೇ ಮಾಡಿದ ‘ಮೈಶೇಕ್’ ಎಂಬ ಆ್ಯಪ್ ಲೋಮಾ ಪ್ರಿಯೇಟಾದ ಮೂವತ್ತನೆಯ ವರ್ಷದ ದಿನ, 2019ರ ಅಕ್ಟೋಬರ್ 17ರಂದು, ರಾಜ್ಯಕ್ಕೆಲ್ಲ ಬಿಡುಗಡೆಯಾಯಿತು. ನೆಲ ನಡುಗುವ ಕೆಲವು ಸೆಕೆಂಡು ಮುಂಚೆ ಅದು ಕೂಗುತ್ತದೆ. ಮೇಜಿನ ಕೆಳಗೆ ಹೋಗಲು ಅಷ್ಟು ಸಾಕು.

ನನ್ನ ಮಗಳು ಹಾಸ್ಟೆಲ್ ಸೇರುವಾಗ ಫಾರಂ ತುಂಬುತ್ತಾ, ‘ಅಪ್ಪಾ, ಊರಾಚೆಯವರೊಬ್ಬರ ನಂಬರು ಇಟ್ಕೊಳ್ಳಿ ಅಂತಾರೆ, ಬೇರೆ ರಾಜ್ಯದವರದು. ಯಾರದ್ದು ಬರೀಲಿ?’ ಎಂದಳು. ಶಿಕಾಗೋದ ಗೆಳೆಯನ ನಂಬರು ಹೇಳಿದೆ. ಅವನೀಗ ರಿಟೈರಾಗಿದ್ದಾನೆ, ಕಿವಿ ಸ್ವಲ್ಪ ಮಂದ. ಆ ರಾತ್ರಿ ಅವನಿಗೆ ಫೋನ್ ಮಾಡಿ ವಿಷಯ ತಿಳಿಸಿದೆ. ‘ಆಯ್ತು ಬಿಡಯ್ಯ, ಆದರೆ ನಿಮ್ಮ ಪಕ್ಕದ ಮನೆ ರಾಯರ ನಂಬರು ನನ್ನ ಹತ್ರ ಈಗ ಇಲ್ಲ’ ಎಂದ.